ಭೀಮರಾಜರು ವಾಪಸ್ ಪಡೆದದ್ದು

ಎಲ್ಲಕ್ಕೂ ಮೂಲ ಒಂದು ಶಾಲು. ಗಣರಾಜ್ಯೋತ್ಸವದ ದಿನ ಸಮೇತನಹಳ್ಳಿಯ ಶಾಲೆಯಲ್ಲಿ ನಿವೃತ್ತ ಸುಬೇದಾರ್ ಭೀಮರಾಜರಿಗೆ ಅದನ್ನು ಹೊದಿಸಿದ ಊರ ಯುವಕ ಸಂಘದ ನಂದೀಶ, ಕೈಗೆ ಮೈಕು ಸಿಕ್ಕ ಖುಷಿಯಲ್ಲಿ, ಇಂಥವರು ವಿಧಾನಸೌಧಕ್ಕೆ ಹೋಗಬೇಕು ಎಂದುಬಿಟ್ಟ. ಮಕ್ಕಳು ಚಪ್ಪಾಳೆ ತಟ್ಟಿದವು. ಲಾಡು ಹಂಚುವ ಮುಂಚೆ ಮಕ್ಕಳು ಯಾವುದಕ್ಕೆ ಬೇಕಾದರೂ ಚಪ್ಪಾಳೆ ತಟ್ಟುತ್ತವೆ. ಆದರೆ ಅಷ್ಟು ವರ್ಷ ಗಡಿ ಕಾದು ಬಂದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲ.

ಹಾಗಾಗಿ ಏಪ್ರಿಲ್ ಹೊತ್ತಿಗೆ ಅವರು ಹೊಸಕೋಟೆ ಕ್ಷೇತ್ರದ ಪಕ್ಷೇತರ ಅಭ್ಯರ್ಥಿ. ಜ್ಯೋತಿಷಿ ಹೇಳಿದ ಬಣ್ಣದ ಅಂಗಿ ಹೊಲಿಸಿದರು. ವಕೀಲರು ಹೇಳಿದರೆಂದು, ತಮ್ಮ ನಾಮಪತ್ರ ಎಲ್ಲಾದರೂ ತಿರಸ್ಕಾರವಾದರೆ ಇರಲಿ ಅಂತ ಹೆಂಡತಿ ಅಕ್ಕಯಮ್ಮನ ಹೆಸರಲ್ಲೂ ಒಂದು ಡಮ್ಮಿ ನಾಮಪತ್ರ ಹಾಕಿಸಿದರು. ನಂದೀಶ ಹೇಳಿದನೆಂದು ಮೀಸೆಗೆ ಕಪ್ಪು ಹಚ್ಚಿದರು. ರಸ್ತೆ ಪಕ್ಕದ ಅವರ ಸಿಮೆಂಟ್ ಬ್ಲಾಕಿನ ಕಾರ್ಖಾನೆಯಲ್ಲಿ ಬ್ಲಾಕ್ ಅಚ್ಚು ಹಾಕುವವರೆಲ್ಲ ಕಾರ್ಯಕರ್ತರಾದರು. ಬ್ಲಾಕ್ ಮಾತ್ರ ಆಗಲಿಲ್ಲ.

ನಾಮಪತ್ರವೇನೋ ಅಂಗೀಕಾರವಾಯಿತು. ಅವತ್ತಿನಿಂದ ಭೀಮರಾಜರಿಗೆ ನಿದ್ದೆ ಹೋಯಿತು.

ಹಿಮದಲ್ಲಿ, ಗುಂಡಿನ ಸದ್ದಿನಲ್ಲಿ ಗೊರಕೆ ಹೊಡೆದಿದ್ದ ಮನುಷ್ಯ ಅವರು. ಈಗ ಹೆದರಿದ್ದು ಮತ ಎಣಿಕೆಗೆ. ಊರಿನಲ್ಲಿ ಅವರು ಮಿಲಿಟ್ರಿ ಭೀಮಣ್ಣ. ಟೀ ಅಂಗಡಿ ಮುಂದೆ ಹೋದರೆ ನಾಲ್ಕು ಜನ ಎದ್ದು ಸಲ್ಯೂಟ್ ಹೊಡೆಯುತ್ತಾರೆ. ಆ ಸಲ್ಯೂಟಿನ ಮೇಲೆಯೇ ಅವರ ಬದುಕು ನಿಂತಿತ್ತು. ಆದರೆ ಸಲ್ಯೂಟ್ ಹೊಡೆದವರೆಲ್ಲ ವೋಟು ಹಾಕುತ್ತಾರೆಯೆ? ಟಿ.ವಿ.ಯಲ್ಲಿ ಹೆಸರಿನ ಮುಂದೆ ಒಂದು ಸಂಖ್ಯೆ ಬರುತ್ತದೆ. ಊರಿನವರು ತಮ್ಮನ್ನು ನಿಜವಾಗಿ ಎಷ್ಟು ಮೆಚ್ಚಿದ್ದಾರೆ ಎನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ನಾಮಪತ್ರಕ್ಕೆ ಸಹಿ ಹಾಕಿದ ಹತ್ತು ಸೂಚಕರ ವೋಟಾದರೂ ಬೀಳದಿದ್ದರೆ ಮುಖ ಎಲ್ಲಿಟ್ಟುಕೊಳ್ಳುವುದು? ಆ ಹತ್ತರಲ್ಲಿ ಮೊದಲನೆಯವನಾದ ಪಿಳ್ಳಣ್ಣನೇ ನಿನ್ನೆ ದೊಡ್ಡ ಪಕ್ಷದ ಮೆರವಣಿಗೆಯಲ್ಲಿ ಟವೆಲ್ ಬೀಸುತ್ತಿದ್ದ. ಕೇಳಿದರೆ, ಜನ ಕಮ್ಮಿ ಇದ್ದರಂತೆ, ಪಾಪ ಅಂತ ಹೋದನಂತೆ.

ನಾಮಪತ್ರ ವಾಪಸಿಗೆ ಕೊನೆಯ ದಿನ ಬಂತು. ಮಧ್ಯಾಹ್ನ ಮೂರರವರೆಗೆ ಅವಕಾಶ. ಭೀಮರಾಜರು ಯಾರಿಗೂ, ಹೆಂಡತಿಗೂ ಹೇಳದೆ, ಸಿಮೆಂಟ್ ಲೋಡ್ ನೋಡಿ ಬರ್ತೀನಿ ಎಂದು ಬೆಳಿಗ್ಗೆಯೇ ಸ್ಕೂಟರ್ ತೆಗೆದರು. ಗೇಟಿನ ಹೊರಗೆ ನಂದೀಶ ಹುಡುಗರ ಪಡೆ ಕಟ್ಟಿಕೊಂಡು ನಿಂತಿದ್ದ.

"ಅಣ್ಣಾ, ಸ್ಕೂಟರ್ ಒಳಗಿಡಿ. ಪಕ್ಷೇತರರನ್ನೆಲ್ಲ ಎತ್ತಾಕ್ಕೊಂಡೋಗಿ ವಾಪಸ್ ತೆಗೆಸ್ತಾವ್ರೆ. ಮೂರು ಗಂಟೆ ಆಗೋವರ್ಗೂ ನಿಮ್ಮನ್ನ ಯಾರೂ ಮುಟ್ಟೋಕ್ಕಾಗಲ್ಲ, ನಾವಿದೀವಿ."

ಭೀಮರಾಜರು ಸ್ಕೂಟರಿನ ಕೀ ಬಿಡಲಿಲ್ಲ. ತಮ್ಮನ್ನು ಯಾರು ಎತ್ತಿಕೊಂಡು ಹೋಗುತ್ತಾರೆ ಎಂದರು. ನೀವು ಮುಗ್ಧರು, ನಿಮಗೆ ರಾಜಕೀಯ ತಿಳಿಯದು ಎಂದು ನಂದೀಶ ಅವರ ಫೋನನ್ನೂ ಕಿತ್ತು ಜೇಬಿಗಿಳಿಸಿದ. ಅವರನ್ನು ಹತ್ತಿಸಿಕೊಂಡ ಪ್ರಚಾರದ ಜೀಪು ನೇರ ಕಾರ್ಖಾನೆಯ ಹಿಂದಿನ ನೀಲಗಿರಿ ತೋಪಿಗೆ ಹೋಯಿತು. ಅಲ್ಲಿನ ಶೆಡ್ಡಿನಲ್ಲಿ ಅಭ್ಯರ್ಥಿಯನ್ನು ಕೂರಿಸಿ ಸುತ್ತ ಕಾವಲು ನಿಂತರು.

ಹೊಟ್ಟೆ ಕೆಟ್ಟಿದೆ ಎಂದರು ಭೀಮರಾಜರು. ಹಿಂದೊಬ್ಬ ಮುಂದೊಬ್ಬ ಕಾವಲಾಗಿ ಪೊದೆಯವರೆಗೆ ಬಂದು, ಅಲ್ಲೂ ಇತ್ತ ತಿರುಗಿಕೊಂಡು ನಿಂತರು. ದೇವಸ್ಥಾನಕ್ಕೆ ಹೋಗಬೇಕು ಎಂದರು. ಪೂಜಾರಪ್ಪನನ್ನೇ ಬೈಕಿನಲ್ಲಿ ಕೂರಿಸಿಕೊಂಡು ಬಂದು ಮಂಗಳಾರತಿ ಮಾಡಿಸಿದರು. ಎದೆ ಹಿಡಿದುಕೊಂಡಿದೆ ಎಂದು ಹೇಳಲು ಹೊರಟು, ಇವರು ಡಾಕ್ಟರನ್ನೂ ಹೊತ್ತು ತಂದಾರು ಎಂದು ಸುಮ್ಮನಾದರು. ಬಿಸಿಲು ನೆತ್ತಿಗೇರಿ ಇಳಿಯತೊಡಗಿತು. ಭೀಮರಾಜರು ವಾಚಿನ ಗಾಜನ್ನು ಒರೆಸಿ ಒರೆಸಿ ನೋಡಿದರು.

ಕೊನೆಗೆ ಕಾಪಾಡಿದ್ದು ಅಕ್ಕಯಮ್ಮ ಕಳಿಸಿದ ಮುದ್ದೆ, ಕೋಳಿಸಾರು. ಉಂಡ ಕಾವಲುಗಾರರು ಒಬ್ಬೊಬ್ಬರೇ ಮರಕ್ಕೊರಗಿ ಕಣ್ಣು ಮುಚ್ಚಿದರು. ಸುಬೇದಾರರು ನೆಲಕ್ಕೆ ಹೊಟ್ಟೆ ತಾಗಿಸಿ, ಮೊಣಕೈ ಊರಿ ತೆವಳುತ್ತ ಮುಳ್ಳುತಂತಿಯ ಕೆಳಗೆ ತೂರಿಕೊಂಡರು. ತರಬೇತಿ ಮರೆತಿರಲಿಲ್ಲ, ಆದರೆ ಹೊಟ್ಟೆ ಬೆಳೆದಿತ್ತು. ಜ್ಯೋತಿಷಿಯ ಬಣ್ಣದ ಅಂಗಿ ಬೆನ್ನಿನ ಮೇಲೆ ಎರಡು ಸೀಳಾಯಿತು.

ರಸ್ತೆಗೆ ಬಂದರೆ, ದೇವರು ಕಳಿಸಿದ ಹಾಗೆ ಇಸ್ಹಾಕನ ಲಗೇಜ್ ಆಟೋ. ಹೊಸಕೋಟೆಯ ಬಿರಿಯಾನಿ ಹೋಟೆಲುಗಳಿಗೆ ಕೋಳಿ ಹಾಕುವವನು ಅವನು. ಬೇಗ ತಾಲೂಕು ಆಫೀಸಿಗೆ ಬಿಡು, ಯಾರಿಗೂ ಕಾಣಬಾರದು ಎಂದು ಭೀಮರಾಜರು ಕೋಳಿ ಬುಟ್ಟಿಗಳ ನಡುವೆ ಕುಕ್ಕರಿಸಿದರು. ಇಸ್ಹಾಕ್ ಒಳ್ಳೆಯವನು. ಸುಬೇದಾರ್ ಸಾಬ್ ತನ್ನ ಗಾಡಿ ಹತ್ತಿದ್ದಾರೆ, ತನ್ನಿಂದಲೂ ಏನಾದರೂ ಆಗಲಿ ಎಂದು ಪ್ರತಿ ಸರ್ಕಲ್ಲಿನಲ್ಲೂ ಗಾಡಿ ನಿಧಾನ ಮಾಡಿ, ನಮ್ಮ ಸಾಬ್ ಹಿಂದೆ ಕೂತಿದ್ದಾರೆ, ವೋಟು ಅವರಿಗೇ ಹಾಕಿ ಎಂದು ಕೂಗಿದ. ಜನ ಹಿಂದೆ ಬಗ್ಗಿ ನೋಡಿ ಕೋಳಿಗಳಿಗೆ ಕೈ ಮುಗಿದರು. ಭೀಮರಾಜರು ಬುಟ್ಟಿಯನ್ನು ತಲೆಯ ಮೇಲೆಳೆದುಕೊಂಡರು.

ಮೂರಕ್ಕೆ ಇನ್ನೇನು ಮುಳ್ಳು ಮುಟ್ಟಬೇಕು, ಚುನಾವಣಾಧಿಕಾರಿಯ ಮುಂದೆ ಮೈಯೆಲ್ಲ ಪುಕ್ಕ ಮೆತ್ತಿಕೊಂಡ ಅಭ್ಯರ್ಥಿ ನಿಂತಿದ್ದ. ಅಧಿಕಾರಿ ಹರಿದ ಅಂಗಿಯನ್ನು ಅನುಮಾನದಿಂದ ನೋಡಿದರು.

"ಯಾರಾದ್ರೂ ಒತ್ತಡ ಹಾಕಿದ್ರಾ ಸಾರ್?"

"ಇಲ್ಲ. ಒತ್ತಡ ಇದ್ದಿದ್ದು ವಾಪಸ್ ತೆಗೀಬಾರ್ದು ಅಂತ."

ಅಧಿಕಾರಿಗೆ ಅದು ಅರ್ಥವಾಗಲಿಲ್ಲ. ಸಹಿ ಮಾಡಿಸಿಕೊಂಡು, "ಇದೊಂದೇನಾ ಸಾರ್?" ಎಂದು ಕೇಳಿದರು.

"ಇದೊಂದೇ," ಎಂದರು ಭೀಮರಾಜರು, ಎದೆ ಹಗುರಾಗಿ.

ಹಿಂಬಾಗಿಲಿನಿಂದ ಹೊರಬಿದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒರಗಿದ್ದಷ್ಟೇ ಗೊತ್ತು. ಎಷ್ಟೋ ದಿನಗಳ ನಿದ್ದೆ ಒಟ್ಟಿಗೆ ಬಂತು. ಎದ್ದಾಗ ಸಂಜೆ. ಇನ್ನು ಎಣಿಕೆ ಇಲ್ಲ, ಸಂಖ್ಯೆ ಇಲ್ಲ, ಸಲ್ಯೂಟು ಸಲ್ಯೂಟಾಗಿಯೇ ಉಳಿಯಿತು. ಊರಿನವರು ಮಾತ್ರ ಸಿಟ್ಟಾಗಿರುತ್ತಾರೆ, ಪಾಪ. ಒಬ್ಬಿಬ್ಬರು ಅತ್ತರೂ ಅತ್ತಾರು. ಅವರನ್ನು ಸಮಾಧಾನಪಡಿಸಲು ತ್ಯಾಗದ ಮೇಲೆ ನಾಲ್ಕು ಮಾತು ಜೋಡಿಸಿಕೊಳ್ಳುತ್ತ ಊರ ದಾರಿ ಹಿಡಿದರು.

ಮನೆ ಮುಂದೆ ಪಟಾಕಿ ಸಿಡಿಯುತ್ತಿತ್ತು. ಶಾಮಿಯಾನ ಏಳುತ್ತಿತ್ತು. ಪಿಳ್ಳಣ್ಣ ಯಾರೂ ಹೇಳದೆಯೇ ಕುರ್ಚಿ ಹೊರುತ್ತಿದ್ದ. ಜೀಪಿನ ಮೇಲೆ ಹಾರ ಹಾಕಿಕೊಂಡು ಅಕ್ಕಯಮ್ಮ ನಿಂತಿದ್ದಳು. ಹೆಗಲ ಮೇಲೆ ಅದೇ ಶಾಲು.

"ಬಂದ್ರಾ ಅಣ್ಣಾ? ಒಂಚೂರು ಪಕ್ಕಕ್ಕೆ ನಿಂತ್ಕೊಳಿ, ಫೋಟೋ ತೆಗೀತಾವ್ರೆ," ಎಂದ ನಂದೀಶ.

ಆಗ ಭೀಮರಾಜರಿಗೆ ನೆನಪಾಯಿತು, ಡಮ್ಮಿ. ನಂದೀಶ ನಡೆದದ್ದು ಹೇಳಿದ. ಅಣ್ಣನನ್ನು ಯಾರೋ ಎತ್ತಿಕೊಂಡು ಹೋದರೆಂದು ಅಕ್ಕನನ್ನು ಕರೆದುಕೊಂಡು ತಾಲೂಕು ಆಫೀಸಿಗೆ ಓಡಿದ್ದರು. ಅಲ್ಲಿ ನೋಡಿದರೆ ಅಣ್ಣ ವಾಪಸ್ ತೆಗೆದುಕೊಂಡಿದ್ದಾರೆ, ಅಕ್ಕ ಕಣದಲ್ಲಿದ್ದಾರೆ. ಚಿಹ್ನೆಯೂ ಸಿಕ್ಕಿತು, ವಿಷಲ್. ಸುದ್ದಿ ತಿಳಿದದ್ದೇ ತಡ, ಊರಿಗೆ ಊರೇ ನೆರೆದುಬಿಟ್ಟಿತು.

ತ್ಯಾಗದ ಮಾತಿಗೆ ಕೇಳುವವರೇ ಇರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಯಾರೂ ಬೈಯಲಿಲ್ಲ. ಭೀಮರಾಜರಿಗೆ ಅದೇ ಹೆಚ್ಚು ನೋವಾಯಿತು. ತಡೆಯಲಾರದೆ ಪಿಳ್ಳಣ್ಣನನ್ನು ಪಕ್ಕಕ್ಕೆ ಕರೆದು, ನಿನ್ನ ವೋಟು ಯಾರಿಗೆ ಎಂದು ಕೇಳಿದರು.

"ಅಕ್ಕಂಗೇ ಅಣ್ಣಾ, ಅದ್ರಲ್ಲೇನು? ನೀವೇ ನಿಂತಿದ್ರೆ ಒಂಚೂರು ಯೋಚ್ನೆ ಮಾಡ್ಬೇಕಾಗಿತ್ತು."

ಅಷ್ಟರಲ್ಲಿ ಅಕ್ಕಯಮ್ಮ ಜೀಪಿನ ಮೇಲಿನಿಂದಲೇ, ನಾಳೆ ಹೊತ್ತಾರೆ ಪ್ರಚಾರಕ್ಕೆ ಹೊರಡಬೇಕು, ಮಿಲಿಟ್ರಿಯಿಂದ ತಂದ ವಿಷಲ್ ಟ್ರಂಕಿನಲ್ಲಿರಬೇಕು, ಹುಡುಕಿ ತೊಳೆದಿಡಿ, ಮುಂದೆ ಊದಿಕೊಂಡು ಹೋಗಲು ನೀವೇ ಸರಿ ಎಂದು ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದವು.

ಟಿ.ವಿ.ಯಲ್ಲಿ ಬರುವ ಸಂಖ್ಯೆ ಮತ್ತೆ ಭೀಮರಾಜರ ಕಣ್ಣ ಮುಂದೆ ಬಂತು. ಈ ಸಲ ಅದು ಅಕ್ಕಯಮ್ಮನ ಹೆಸರಿನ ಮುಂದಿತ್ತು, ತುಂಬಾ ದೊಡ್ಡದಿತ್ತು. ನಂದೀಶನ ತೋಳು ಹಿಡಿದು, ಅಕ್ಕಯಮ್ಮನ ನಾಮಪತ್ರವನ್ನು ಈಗ ವಾಪಸ್ ತೆಗೆಯಲು ಏನಾದರೂ ದಾರಿ ಇದೆಯೆ ಎಂದು ಪಿಸುಗುಟ್ಟಿದರು.

ನಂದೀಶ ಅವರ ಬೆನ್ನು ತಟ್ಟಿದ.

"ಹೆದರ್ಕೋಬೇಡಿ ಅಣ್ಣಾ. ಇನ್ಮೇಲೆ ಯಾವನು ಬಂದ್ರೂ ತೆಗೆಸೋಕ್ಕಾಗಲ್ಲ. ಟೈಮ್ ಮುಗ್ದೋಯ್ತು."