ಟು-ನಾ ಫಾರ್-ನಾ, ದೇವ್ರೇ ಹೇಳ್ಲಿ

ಅಯ್ಯೋ, ಇಂಥವೆಲ್ಲ ನಂಗೇ ಯಾಕ್ ಆಗ್ತಾವೋ! ಕುಪ್ಪಗಡ್ಡೆಯಿಂದ ಬಸ್ ಹತ್ತಿ ಶಿಕಾರಿಪುರಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗೋಳು ನಾನು. ಅಲ್ಲೇ ಒಂದು ಶಾಲೇಲಿ ಟೀಚರ್ ಕೆಲ್ಸ ಖಾಲಿ ಇತ್ತು, ಸೋಮವಾರ ಇಂಟರ್‌ವ್ಯೂ. ಉಳಿದಿದ್ದೆಲ್ಲ ಬರುತ್ತೆ ಕಣ್ರಿ! ಕ್ರಿಯಾಪದ ಆದ್ಮೇಲೆ ಟು, ಫಾರ್, ಆನ್, ಇದ್ರಲ್ಲಿ ಯಾವ್ದು ಹಾಕ್ಬೇಕು ಅನ್ನೋದ್ರಲ್ಲೇ ಜೀವ ಹೋಗೋದು.

ಸಂಬಂಧ

ಸರ್ ಬೋರ್ಡ್ ಮೇಲೆ ಬರೆದ್ರು. "ಡಿಪೆಂಡ್‌ಗೆ ಆನ್, ಲಿಸನ್‌ಗೆ ಟು. ಗಂಡ-ಹೆಂಡ್ತಿ ಇದ್ದಂಗೆ, ಬೇರೆ ಮಾಡೋಹಂಗಿಲ್ಲ."

ನಮ್ಜೊತೆ ಕಲಿಯೋಕೆ ಬರೋ ಮೆಕ್ಕೆಜೋಳದ ವ್ಯಾಪಾರಿ ಯಜಮಾನ್ರು, ತಾಲ್ಲೂಕಿನ ಅರ್ಧ ಸಂಬಂಧ ಕುದುರಿಸಿದವ್ರು, ಎದ್ದು ನಿಂತ್ರು. "ಅಲ್ರೀ ಸರ, ಲಿಸನ್‌ಗೆ ಟು ಕೊಡೋ ಮುಂಚೆ ಮನೆತನ ವಿಚಾರಿಸಿದ್ರಾ? ಜಾತಕ?"

ಸರ್ ಸುಸ್ತು! "ಲವ್ ಮ್ಯಾರೇಜ್ ರೀ ಅದು!"

ಯಜಮಾನ್ರು ಪುಸ್ತಕ ಮುಚ್ಚಿದ್ರು. "ಹಂಗಾದ್ರೆ ನಮ್ಮನೇಲಿ ಇದನ್ನ ಜೋರಾಗಿ ಓದೋಹಂಗಿಲ್ಲ ಬಿಡ್ರಿ."

ಪ್ರಸಾದ

ನಮ್ಮಜ್ಜಿಗೆ ನನ್ ಒದ್ದಾಟ ನೋಡಕ್ಕಾಗ್ಲಿಲ್ಲ. "ಎರಡ್ರಲ್ಲಿ ಒಂದು ತಾನೇ? ಪ್ರಸಾದ ಕೇಳಿದ್ರಾಯ್ತು ಮಾರಾಯ್ತಿ!"

ನಮ್ಮೂರಲ್ಲಿ ಬೋರ್ ಹೊಡ್ಸೋಕೂ, ಹೆಣ್ಣು ಕೊಡೋಕೂ ಈಶ್ವರನ್ನೇ ಕೇಳೋದು. ಲಿಂಗದ ಮೇಲೆ ಎರಡು ಹೂ ಇಡ್ತಾರೆ. ಬಲಕ್ಕೆ ಬಿದ್ರೆ ಹೂಂ, ಎಡಕ್ಕೆ ಬಿದ್ರೆ ಊಹೂಂ.

"ಏನ್ ಕೇಳೋದಮ್ಮ, ಮದುವೆನಾ?" ಅಂದ್ರು ಪೂಜೆ ಅಯ್ಯನೋರು.

"ಅಲ್ಲ, ಅಪ್ಲೈ," ಅಂದ್ಲು ಅಜ್ಜಿ. "ಕೆಲ್ಸಕ್ಕೆ ಅಪ್ಲೈ ಆದ್ಮೇಲೆ ಫಾರೋ ಟುನೋ ಕೇಳ್ರಿ."

ಅಯ್ಯನೋರು ಒಂಚೂರೂ ನಗಲಿಲ್ಲ. ಕಣ್ಮುಚ್ಚಿ, ಗಂಟೆ ಹೊಡೆದು, "ಸ್ವಾಮೀ, ಫಾರ್ ಆದ್ರೆ ಬಲಕ್ಕೆ ಕೊಡು, ಟು ಆದ್ರೆ ಎಡಕ್ಕೆ ಕೊಡು!" ಅರ್ಧ ಗಂಟೆ ಆಯ್ತು. ಹಿಂದೆ ಬೋರ್ ಕೇಳೋಕೆ ಬಂದವ್ರು ಗೊಣಗ್ತಾ ಇದಾರೆ. ಆಮೇಲೆ ಟಪ್ ಟಪ್ ಅಂತ ಒಂದು ಹೂ ಬಲಕ್ಕೆ, ಒಂದು ಎಡಕ್ಕೆ!

"ಎರಡೂ ಹಾಕು," ಅಂದ್ಲು ಅಜ್ಜಿ. "ದೇವ್ರಿಗಿಂತ ನಿಮ್ ಸರ್ ದೊಡ್ಡೋರಾ?"

ಇಂಟರ್‌ವ್ಯೂ

ಹಾಕ್ದೆ. "ಐ ಅಪ್ಲೈಡ್ ಫಾರ್ ಟು ದಿಸ್ ಜಾಬ್!"

ಹೆಡ್‌ಮೇಡಂ ಕನ್ನಡಕ ಕೆಳಗಿಳಿಸಿದ್ರು. "ಎರಡೆರಡು ಯಾಕಮ್ಮ?"

ನಂಗೆ ಸುಳ್ಳು ಬರಲ್ಲ. ಅಜ್ಜಿ, ಅಯ್ಯನೋರು, ಹೂವು, ಎಲ್ಲಾ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ಕೆಲ್ಸ ಹೋಯ್ತು ಅಂತ ಬ್ಯಾಗ್ ಎತ್ಕೊಂಡೆ.

"ಕೂತ್ಕೊ," ಅಂದ್ರು ಮೇಡಂ. ಎದ್ದು ಬಾಗ್ಲು ಹಾಕಿದ್ರು. ಡ್ರಾಯರ್‌ನಿಂದ ವಾರ್ಷಿಕೋತ್ಸವದ ಇಂಗ್ಲಿಷ್ ಆಹ್ವಾನ ಪತ್ರಿಕೆ ತೆಗೆದು ಪಿಸುಗುಟ್ಟಿದ್ರು. "ಇನ್ವೈಟ್ ಆದ್ಮೇಲೆ ಟು ಅಂತ ನಾನು, ಫಾರ್ ಅಂತ ನಮ್ ಸೆಕ್ರೆಟರಿ. ಮೂರು ವಾರದಿಂದ ಪ್ರಿಂಟಿಗೇ ಹೋಗಿಲ್ಲ. ನಾಳೆಯಿಂದ ಕೆಲ್ಸಕ್ಕೆ ಬಾ, ಬರುವಾಗ ದೇವಸ್ಥಾನಕ್ಕೆ ಹೋಗಿ ಕೇಳ್ಕೊಂಡೇ ಬಾ. ಆದ್ರೆ ಈ ಸಲ ಒಂದೇ ಹೂ ಇಡ್ಸಮ್ಮ!"