ಆರು ನೂರು ಅಂಕದ ರಾಕ್ಷಸ

ರಾಕ್ಷಸನ ಕೊಂಬಿಗೆ ಬಳಿದ ವಾರ್ನಿಷ್ ಒಣಗಲಿ ಎಂದು ಮಾರುತೇಶ ಅವನನ್ನು ಹತ್ತೇ ಹತ್ತು ನಿಮಿಷ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟಿದ್ದೇ ತಪ್ಪಾಯಿತು.

ಮಾರುತೇಶ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಚಿಗೆ ಗ್ರಾಫ್ ಹಾಳೆಯ ಮೇಲೆ ನವಿಲು, ಹಂಸ ಬರೆದುಕೊಡುವವನು. ಹೆಂಡತಿ ಕಾಂಚನಾ ಅವನ್ನು ಮನೆಯ ಮಗ್ಗದಲ್ಲಿ ನೇಯುವವಳು. ಮಿಕ್ಕ ಹೊತ್ತಿನಲ್ಲಿ ಅವನು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದ. ಭಾನುವಾರ ಅವರನ್ನು ಡಬ್ಬಿಗೆ ತುಂಬಿಕೊಂಡು ಚಳ್ಳಕೆರೆಯ ಗೆಳೆಯ ಮಹಾಂತೇಶನ ಎಣ್ಣೆ ಗಿರಣಿಗೆ ಹೋಗುತ್ತಿದ್ದ. ಅಲ್ಲಿ ಮೇಜಿನ ಎರಡು ಬದಿಗೆ ಎರಡು ಸೈನ್ಯ. ಟೇಪು ಹಿಡಿದು ದೂರ ಅಳೆಯುವುದು, ದಾಳ ಉರುಳಿಸುವುದು, ಯುದ್ಧ. ಏಳು ಭಾನುವಾರ ಯುದ್ಧವಾಗಿ, ಏಳೂ ಸಲ ಮಾರುತೇಶನ ಸೈನ್ಯ ಕಾದೆಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಸಿಡಿದು ಹೋಗಿತ್ತು.

ಸೋತವರು ಮನೆಯ ತುಂಬ ಹರಡಿದ್ದರು. ಮೊನ್ನೆ ಹುರುಳಿ ಸಾರಿನಲ್ಲಿ ಒಬ್ಬ ಬಿಲ್ಲುಗಾರ ಸಿಕ್ಕಮೇಲೆ ಕಾಂಚನಾ ಸೌಟು ಹಿಡಿದೇ ತೀರ್ಪು ಕೊಟ್ಟಿದ್ದಳು. "ರೀ, ಈ ಭಾನುವಾರ ಗೆದ್ರೆ ಮಗ್ಗದ ಪಕ್ಕದ ಶೆಲ್ಫು ಪೂರ್ತಿ ನಿಮ್ಮ ದಂಡಿಗೆ. ಸೋತ್ರೋ, ಎಲ್ರನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ."

ಸೋಲು ಶುರುವಾದಾಗಲೇ ಅವನು ತರಿಸಿದ್ದವನು ಈ ರಾಕ್ಷಸ. ಒಂದೂವರೆ ಅಡಿ ಎತ್ತರ, ನಾಲ್ಕು ಕೈ, ಕೆಂಡದ ಕಣ್ಣು, ಚಾಚಿದ ನಾಲಿಗೆ. ತುಂಡು ತುಂಡಾಗಿ ಪಾರ್ಸೆಲ್ಲಿನಲ್ಲಿ ಬಂದವನನ್ನು ಅಂಟಿಸಿ, ಬಣ್ಣ ಬಳಿದು ನಿಲ್ಲಿಸಲು ಆರು ವಾರ ಹಿಡಿದಿತ್ತು. ಆಟದಲ್ಲಿ ಒಂದೊಂದು ಸೈನ್ಯಕ್ಕೆ ಸಾವಿರ ಅಂಕದ ಮಿತಿ. ಇವನೊಬ್ಬನೇ ಆರು ನೂರು ನುಂಗಿಬಿಟ್ಟ. ಹಾಗಾಗಿ ಜೊತೆಗೆ ಹದಿನಾರು ಸೈನಿಕರಿಗಷ್ಟೇ ಜಾಗ. ಉಳಿದ ನಲವತ್ತು ಜನರಿಗೆ ಇವತ್ತು ಮನೆಯಲ್ಲೇ ರಜೆ.

"ಅಯ್ಯಯ್ಯೋ! ಎಂಥಾ ದೃಷ್ಟಿಗೊಂಬೆನಪ್ಪಾ!"

ಎದುರು ಮನೆಯ ರಂಗಕ್ಕ. ಅವಳ ಮನೆಗೆ ಮೇಲಂತಸ್ತು ಏಳುತ್ತಿತ್ತು. ಕಟ್ಟುತ್ತಿರುವ ಮನೆಗೆ ಹೋಗಿಬರುವವರ ಕಣ್ಣು ತಾಗಬಾರದೆಂದು ನೇತುಹಾಕಲು ಒಂದು ವಾರದಿಂದ ಭಯಂಕರ ಮುಖವೊಂದನ್ನು ಅವಳು ಹುಡುಕುತ್ತಿದ್ದಳು.

"ಅದು ದೃಷ್ಟಿಗೊಂಬೆ ಅಲ್ಲ ರಂಗಕ್ಕ, ಆಟದ್ದು."

"ನಾಲಿಗೆ ಹಿಂಗೆ ಚಾಚ್ಕೊಂಡು ಯಾರಪ್ಪಾ ಆಟ ಆಡ್ತಾರೆ? ನನಗೆ ಕೊಡು. ನಮ್ಮ ಮನೆ ನೋಡಿ ಊರೋರ ಹೊಟ್ಟೆಯೆಲ್ಲಾ ಉರೀತೈತೆ."

ಅವಳ ಕೈ ಆಗಲೇ ರಾಕ್ಷಸನ ಕಾಲು ಹಿಡಿದಿತ್ತು. ಹತ್ತು ಗಂಟೆಯ ಬಸ್ಸು ಹೊರಡುವ ಹೊತ್ತು. "ಇವನ್ನ ಬಿಡಕ್ಕ, ಬೇರೆ ಕೊಡ್ತೀನಿ, ಸಾಯಂಕಾಲ ಖಂಡಿತಾ ಕೊಡ್ತೀನಿ!" ಎಂದವನೇ ಮಾರುತೇಶ ರಾಕ್ಷಸನನ್ನು ಕಿತ್ತುಕೊಂಡು ಓಡಿದ.

ಬಸ್ಸು ಬೆಂಕಿಪೆಟ್ಟಿಗೆಯಂತೆ ತುಂಬಿತ್ತು. ಕೊಂಬು ಮುರಿಯದಿರಲೆಂದು ಅವನು ರಾಕ್ಷಸನನ್ನು ಕಾಂಚನಾಳ ಹಳೇ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡ. ತಕ್ಷಣ ಪಾಲಮ್ಮ ಎಂಬ ಅಜ್ಜಿ ಪಕ್ಕದ ಹುಡುಗಿಯನ್ನು ಎಬ್ಬಿಸಿದಳು. "ಏಳಮ್ಮಿ, ಎಳೇ ಕೂಸು ಎತ್ಕೊಂಡೋರಿಗೆ ಜಾಗ ಬಿಡು! ಕೂತ್ಕಳಪ್ಪ. ಎಷ್ಟು ದಿನದ್ದು?"

ಓಡಿ ಬಂದು ಸುಸ್ತಾದವನಿಗೆ ಸುಳ್ಳು ಹೇಳಲೂ ಬರಲಿಲ್ಲ, ಸೀಟು ಬಿಡಲೂ ಮನಸ್ಸಾಗಲಿಲ್ಲ. "ಆರು ವಾರ ಆಯ್ತಜ್ಜಿ," ಎಂದ.

"ಒಂದು ಸೊಲ್ಲಿಲ್ಲ, ಅಳೂ ಇಲ್ಲ. ಬಲೇ ಶಾಣ್ಯಾ ಕೂಸು. ಅವರವ್ವ ಎಲ್ಲಿ?"

"ಮನೇಲಿ ಇದ್ದಾಳೆ. ಸೀರೆ ನೇಯ್ತಾ."

ಹಿಂದಿನ ಸೀಟಿನಿಂದ ಒಬ್ಬಳು ಕೂಸಿನ ಕತ್ತಿಗೆ ಆಸರೆ ಕೊಡುವ ಕ್ರಮ ಹೇಳಿದಳು. ಮುಂದಿನವಳು ಕಿಟಕಿ ಮುಚ್ಚಿಸಿದಳು. ಕಂಡಕ್ಟರ್ "ನಿಧಾನ ಹೋಗೋ, ಎಳೇ ಕೂಸೈತೆ" ಎಂದು ಡ್ರೈವರಿಗೆ ಕೂಗಿದ. ಇಡೀ ಬಸ್ಸೇ ಜೋಗುಳ ಹಾಡುವ ಹಾಗೆ ತೂಗುತ್ತಾ ಸಾಗಿತು. ತಳಕು ಊರು ಬರುವ ಹೊತ್ತಿಗೆ ಪಾಲಮ್ಮನ ಸಹನೆ ಮುಗಿಯಿತು.

"ಮುಖ ತೋರಿಸಪ್ಪ, ಬಂಗಾರ ಯಾರಂಗೈತೆ ನೋಡ್ತೀನಿ," ಎಂದು ಸೆರಗು ಸರಿಸಿಯೇಬಿಟ್ಟಳು.

"ಅಯ್ಯೋ ದೇವುಡಾ!"

ಬಸ್ಸು ಗಕ್ಕನೆ ನಿಂತಿತು. ಎಲ್ಲರೂ ಸುತ್ತ ನೆರೆದರು. ಪಾಲಮ್ಮ ಎದೆ ಹಿಡಿದುಕೊಂಡು ಒಮ್ಮೆ ರಾಕ್ಷಸನನ್ನು, ಒಮ್ಮೆ ಮಾರುತೇಶನನ್ನು ನೋಡಿ, ಕೊನೆಗೆ ಮೆಲ್ಲಗೆ ಅಂದಳು. "ಮೂಗು ಅಪ್ಪಂದೇ."

ಚಳ್ಳಕೆರೆಯವರೆಗೂ ಅವನು ನಿಂತೇ ಹೋದ.

ಆದರೆ ಗಿರಣಿಯ ಮೇಜಿನ ಮೇಲೆ ರಾಕ್ಷಸ ಕಾಲಿಟ್ಟಾಗ ಮಹಾಂತೇಶನ ಬಾಯೊಳಗಿದ್ದ ಕಡಲೆಬೀಜ ಅಲ್ಲೇ ನಿಂತಿತು.

"ಲೇ, ಇದು ಯುದ್ಧಾನೋ, ಕೊಲೆನೋ?"

"ಏಳು ವಾರ ನಗ್ತಿದ್ಯಲ್ಲ, ಈಗ ನಗಲೇ."

ಮಹಾಂತೇಶನ ಕುದುರೆ ಸವಾರರು ಮೊದಲ ಸುತ್ತಿನಲ್ಲೇ ಅರ್ಧಕ್ಕರ್ಧ ನೆಲಕಚ್ಚಿದರು. ಎರಡನೆಯ ಸುತ್ತಿನಲ್ಲಿ ಅವನ ಸೇನಾಪತಿ ಓಡಿದ. ಮೂರನೆಯ ಸುತ್ತಿಗೆ ಮೇಜಿನ ಆ ಬದಿಯಲ್ಲಿ ಉಳಿದಿದ್ದು ಟೀ ಲೋಟ ಮಾತ್ರ. ಮಾರುತೇಶ ಹಿಂಡಿಯ ಚೀಲಗಳ ನಡುವೆ ಒಂಟಿಕಾಲಲ್ಲಿ ಕುಣಿದ. ಕುಣಿಯುತ್ತಲೇ ಫೋನ್ ಮಾಡಿದ. "ಕಾಂಚನಾ, ಗೆದ್ದೆ ಕಣೇ! ಶೆಲ್ಫು ಖಾಲಿ ಮಾಡು!"

"ಹೌದಾ! ಈಗಲೇ ಮಾಡ್ತೀನ್ರಿ!" ಅವಳ ದನಿಯೂ ಕುಣಿಯುತ್ತಿತ್ತು.

ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲೆ ರಾಕ್ಷಸನಿಲ್ಲ. ಹೊರಗೆ ಗಂಟೆಯ ಸದ್ದು. ಗಿರಣಿಯ ಹೊಸ ಶೆಡ್ಡಿನ ನೆತ್ತಿಯಲ್ಲಿ ರಾಕ್ಷಸ ತೂಗುತ್ತಿದ್ದ. ಹಣೆಗೆ ಅಂಗೈಯಗಲ ಕುಂಕುಮ, ನಾಲ್ಕು ಕೈಗೂ ನಿಂಬೆಹಣ್ಣು, ಕೆಳಗೆ ಒಡೆದ ಬೂದುಗುಂಬಳ. ಮಹಾಂತೇಶನ ತಾಯಿ ಹುಚ್ಚಕ್ಕ ಮಂಗಳಾರತಿ ಎತ್ತುತ್ತಿದ್ದಳು.

"ನನ್ನ ಮಗನ್ನ ಏಳು ವಾರದಿಂದ ಯಾರೂ ಸೋಲಿಸಿರಲಿಲ್ಲ. ಬಂದ ಗಳಿಗೇಲೇ ಸೋಲಿಸ್ತು ಅಂದ್ರೆ ಎಂಥಾ ಶಕ್ತಿ ಐತೆ ಅದಕ್ಕೆ! ತಂದುಕೊಟ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಪ್ಪ."

ಮಾರುತೇಶ ಗೆಳೆಯನ ತೋಳು ಹಿಡಿದ. "ಲೇ, ಇಳಿಸೋ ಅವನ್ನ!"

"ಅವ್ವ ಪೂಜೆ ಮಾಡಿ ಕಟ್ಟಿದ್ದನ್ನ ಇಳಿಸಿದ್ರೆ ಆ ಜಾಗಕ್ಕೆ ನನ್ನೇ ಕಟ್ತಾಳೆ," ಎಂದ ಮಹಾಂತೇಶ. ಸೋತವನ ಮುಖದಲ್ಲಿ ಯಾಕೋ ಕಳೆ ತುಂಬಿತ್ತು. "ಮುಂದಿನ ಭಾನುವಾರ ಹಳೇ ಸೈನ್ಯಾನೇ ತಗಂಡ್ ಬಾ."

ಹೋಗಲಿ, ಸೈನ್ಯವಾದರೂ ಇದೆ, ಅದಕ್ಕೊಂದು ಶೆಲ್ಫೂ ಬಂತು ಎಂದು ಸಮಾಧಾನ ಮಾಡಿಕೊಂಡು, ಹದಿನಾರು ಜನರ ಡಬ್ಬಿ ಹಿಡಿದು ಮಾರುತೇಶ ಸಂಜೆಯ ಬಸ್ಸು ಹತ್ತಿದ.

ಕಾಂಚನಾ ಬಾಗಿಲಲ್ಲೇ ಕಾದಿದ್ದಳು. ಶೆಲ್ಫು ಫಳಫಳ ಹೊಳೆಯುತ್ತಿತ್ತು. ಬೆಳ್ಳಿಯ ಬಣ್ಣದ ಹಾಳೆ ಹಾಸಿ, ಅಂಚಿಗೆ ಪುಟ್ಟ ರಂಗೋಲಿಯನ್ನೂ ಎಳೆದಿದ್ದಳು.

"ನಮ್ಮ ನಲವತ್ತು ಜನ ಎಲ್ಲಿ?"

"ಶೆಲ್ಫು ಒರೆಸೋ ತನಕ ಎಲ್ರನ್ನೂ ಮೊರದಾಗೆ ಹಾಕಿ ಜಗಲಿ ಮೇಲಿಟ್ಟಿದ್ದೆ. ರಂಗಕ್ಕ ಬಂದ್ರು. ದೊಡ್ಡದು ಬೇಡ, ಬೇರೆ ಕೊಡ್ತೀನಿ ಸಾಯಂಕಾಲ ಅಂತ ನೀವೇ ಅಂದಿದ್ರಂತೆ. ಮಾತು ಕೊಟ್ಟಮೇಲೆ ಇಲ್ಲ ಅನ್ನಾಕಾಗ್ತದಾ? ಮೊರದ ಸಮೇತ ಒಯ್ದ್ರು."

ಮಾರುತೇಶ ತಿರುಗಿ ನೋಡಿದ. ರಂಗಕ್ಕನ ಮೇಲಂತಸ್ತಿನ ಈ ತುದಿಯಿಂದ ಆ ತುದಿಗೆ ಒಂದು ದಾರ. ಅದರಲ್ಲಿ ಒಬ್ಬ ಸೈನಿಕ, ಒಂದು ಮೆಣಸಿನಕಾಯಿ, ಒಬ್ಬ ಸೈನಿಕ, ಒಂದು ಮೆಣಸಿನಕಾಯಿ. ನಲವತ್ತೂ ಜನ ಸೊಂಟಕ್ಕೆ ದಾರ ಕಟ್ಟಿಸಿಕೊಂಡು, ಗಾಳಿಗೆ ಗಿರಗಿರ ತಿರುಗುತ್ತಾ ಊರಿನ ಕೆಟ್ಟ ಕಣ್ಣುಗಳ ಮೇಲೆ ಕತ್ತಿ ಬೀಸುತ್ತಿದ್ದರು. ಆರತಿಯ ಕುಂಕುಮ ಒಬ್ಬೊಬ್ಬರ ಮುಖವನ್ನೂ ಮುಚ್ಚಿತ್ತು.

"ಗೃಹಪ್ರವೇಶದ ತನಕ ಇಳಿಸಂಗಿಲ್ಲಪ್ಪ!" ಮೇಲಿಂದ ರಂಗಕ್ಕ ಕೂಗಿದಳು. ಆಮೇಲೆ ಅವಳ ಕಣ್ಣು ಅವನ ಕಂಕುಳಿನ ಡಬ್ಬಿಯ ಮೇಲೆ ಬಿತ್ತು.

"ಮಾರುತೇಶ, ಬಚ್ಚಲಮನೆ ಕಡೆಗೆ ಸಾಲ್ದೇ ಹೋಗ್ಯಾವೆ. ಆ ಡಬ್ಬಿನಾಗೆ ಇನ್ನೂ ಎಷ್ಟದಾವೆ?"