ಮೂಲಂಗಿ ಉಪ್ಪಿನಕಾಯಿಯ ವೇಗ ಪರೀಕ್ಷೆ

"ನಾಳೆಯೊಳಗೆ ನಮ್ಮ ಅಂಗಡಿಯ ಪುಟ ರೆಪ್ಪೆ ಬಡಿಯೋಷ್ಟರಲ್ಲಿ ತೆರೀಬೇಕು! ಇಲ್ಲದಿದ್ರೆ ನನ್ನ ಹೆಸರು ಕಿಯೋಹರು ಅಲ್ಲ!"

ಶನಿವಾರ ಬೆಳಿಗ್ಗೆ ಮಿಸೊ ಸಾರಿನ ಬಟ್ಟಲನ್ನು ಠಣ್ಣನೆ ಕುಕ್ಕಿ ಕಿಯೋಹರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಸೆತ್ಸುಕೊ ತಲೆಯನ್ನೂ ಎತ್ತಲಿಲ್ಲ. "ಸಾರು ಚೆಲ್ತು. ಒರೆಸಿ" ಅಂದರು, ಅಷ್ಟೆ.

ಮತ್ಸುಸಾಕದ ಆ ಮನೆಯ ಹಿತ್ತಲಲ್ಲಿ ಸೆತ್ಸುಕೊ ಪೀಪಾಯಿಗಳಲ್ಲಿ ಮೂಲಂಗಿ ಉಪ್ಪಿನಕಾಯಿ ಹಾಕಿ ಪ್ರತಿ ಚಳಿಗಾಲ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದರು. ಹೋದ ವರ್ಷ ಪುಟ ತೆರೆಯುವುದನ್ನು ಕಾದು ಕಾದು ಗಿರಾಕಿಗಳು ಓಡಿಹೋಗಿ, ಮನೆಯವರೇ ಬೇಸಿಗೆಯವರೆಗೆ ಮೂರು ಹೊತ್ತೂ ಮೂಲಂಗಿ ತಿಂದು ಮುಗಿಸಬೇಕಾಯಿತು. ಈ ಸಲದ ಮಾರಾಟ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ. ಕಿಯೋಹರು ಜೀವಮಾನವಿಡೀ ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಮಾಡಿ ನಿವೃತ್ತರಾದವರು. ಯಾವುದಾದರೂ ಒಂದು ನಿಮಿಷ ತಡವಾದರೆ ಮೈಯೆಲ್ಲ ತುರಿಸಿಕೊಳ್ಳುವ ಆಸಾಮಿ!

"ಕ್ಯಾಶ್ ಹಾಕಿದೀನಿ" ಎಂದು ಅವರು ಸಾರಿದರು.

"ಎಷ್ಟು ಹಾಕಿದ್ರಿ?" ಮೂಲೆಯಿಂದ ಅತ್ತೆ ಫುಮಿ ಕಿವಿ ನಿಮಿರಿಸಿದರು.

"ಆ ಕ್ಯಾಶ್ ಅಲ್ಲ, ಅತ್ತೆ! ಪುಟದ ಒಂದು ಪ್ರತಿ ಮೊದಲೇ ಸಿದ್ಧ ಇರುತ್ತೆ. ಗಿರಾಕಿ ಬಂದ, ಎತ್ತಿ ಕೊಟ್ವಿ. ಪ್ರತಿ ಸಲ ಹೊಸದಾಗಿ ಮಾಡ್ತಾ ಕೂರೋ ಹಾಗಿಲ್ಲ."

ಪುಟ ಎಷ್ಟು ಬೇಗ ತೆರೆಯುತ್ತದೆಂದು ಅಂಕ ಕೊಡುವ ವೇಗ ಪರೀಕ್ಷೆ ಮಾಡಿದರು. ನೂರಕ್ಕೆ ತೊಂಬತ್ತಾರು! ಕುಣಿದಾಡಿ ಹೆಂಡತಿಯನ್ನು ಕರೆದು ಮತ್ತೊಮ್ಮೆ ಮಾಡಿ ತೋರಿಸಿದರು. ಐವತ್ತನಾಲ್ಕು.

"ಇದಕ್ಕಾ ಒಲೆ ಮುಂದಿಂದ ಎಬ್ಬಿಸಿದ್ದು?" ಎಂದು ಸೆತ್ಸುಕೊ ಹೊರಟುಹೋದರು.

ಮತ್ತೆ ಒತ್ತಿದರು. ಎಂಬತ್ತೊಂದು. ಮತ್ತೆ, ಅರವತ್ತು. ಅಂಕ ಅಂಕೆ ಮೀರಿತು! ಕಿಯೋಹರು ಕೂತರು, ಎದ್ದರು, ಕಿಟಕಿ ತೆರೆದರು, ಮುಚ್ಚಿದರು. ಅದೇ ಪುಟ, ಅದೇ ಕ್ಯಾಶ್, ಅದೇ ಬೆರಳು! ಮನೆಯೊಳಗೇ ಯಾರೋ ವೇಗ ಕದಿಯುತ್ತಿದ್ದಾರೆ ಎಂಬ ಗುಮಾನಿ ಹತ್ತಿತು. ಮೊದಲು ಅತ್ತೆ ಸುಮೋ ಕುಸ್ತಿ ನೋಡುತ್ತಿದ್ದ ಟ್ಯಾಬ್ಲೆಟ್ ಕಸಿದರು, ಅದೂ ಇಬ್ಬರು ಪೈಲ್ವಾನರು ಢೀ ಕೊಡುವ ಹೊತ್ತಿಗೆ. ಆಮೇಲೆ ಸೆತ್ಸುಕೊ ಫೋನು ಆಫ್. ಕೊನೆಗೆ ಗೆಣಸು ಅರೆಬೆಂದಿದ್ದ ಮೈಕ್ರೋವೇವಿನ ಪ್ಲಗ್ಗೂ ಹೊರಕ್ಕೆ! ಮನೆ ಗಪ್‌ಚಿಪ್. ಉಸಿರು ಬಿಗಿಹಿಡಿದು ಒತ್ತಿದರು.

ನಲವತ್ತೊಂಬತ್ತು.

"ನನ್ನ ಸುಮೋ ನಿಂತ್ರೂ ನಿಮ್ಮ ಪುಟ ಓಡ್ಲಿಲ್ವಲ್ಲ, ಅಳಿಯಂದ್ರೇ!" ಅಂದರು ಫುಮಿ.

ರೇಗಿಹೋದ ಕಿಯೋಹರು ಪುಟವನ್ನು ನೋಡಿಕೊಳ್ಳುವ ಕಂಪನಿಗೇ ಫೋನು ಹಚ್ಚಿದರು. ಆ ಕಡೆಯ ಹುಡುಗಿ ಸಮಾಧಾನದಿಂದ ಹೇಳಿದಳು: "ಸಾರ್, ಪರೀಕ್ಷೆ ನಡೆಯೋದು ನಿಮ್ಮ ಮನೆಯಲ್ಲಲ್ಲ. ಎಲ್ಲೋ ದೂರದ ಯಂತ್ರ ಮಾಡುತ್ತೆ. ಒಂದ್ಸಲ ಒಸಾಕಾದ್ದು, ಒಂದ್ಸಲ ಸಿಂಗಪುರದ್ದು. ದಾರೀಲಿ ದಟ್ಟಣೆ ಇದ್ರೆ ನಿಧಾನ. ಪುಟದ ಪ್ರತಿ ಕೂಡ ಆಯಾ ಊರಲ್ಲಿ ಬೇರೆ ಬೇರೆ ಇರುತ್ತೆ. ಅಲ್ಲಿ ಮೊದಲನೇ ಸಲ ಕೇಳಿದವರಿಗೆ ಪ್ರತಿ ಸಿಗಲ್ಲ, ಆಮೇಲೆ ಬಂದವರಿಗೆ ಸಿಗುತ್ತೆ. ನಾಲ್ಕೈದು ಸಲ ಮಾಡಿ ನಡುವಿನದನ್ನ ನಂಬಿ. ಅಂದ ಹಾಗೆ, ಪರೀಕ್ಷೆಗೆ ಮುಂಚೆ ನೀವು ಏನಾದ್ರೂ ಮಾಡ್ತೀರಾ?"

"ಮಾಡದೆ! ಹಳೇ ಪ್ರತಿಗಳನ್ನೆಲ್ಲ ಅಳಿಸ್ತೀನಿ. ಒಂದೊಂದ್ಸಲ ಮರೆತುಹೋಗುತ್ತೆ, ಅಷ್ಟೆ."

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಸೆತ್ಸುಕೊ ಹಣೆ ಚಚ್ಚಿಕೊಂಡರು. "ಒಗೆದು ಮಡಚಿಟ್ಟ ಬಟ್ಟೇನ ಮತ್ತೆ ನೀರಿಗೆ ಹಾಕಿ, ಯಾಕೆ ಇನ್ನೂ ಒಣಗಿಲ್ಲ ಅಂತ ಮನೆಯವರನ್ನೆಲ್ಲ ಬೈತೀರಲ್ರೀ!"

ಅವಮಾನದಿಂದ ಕಿಯೋಹರು ಕಿವಿ ಕೆಂಪಾಯಿತು. ಸರಿ, ಇನ್ನು ಅಳಿಸುವ ಮಾತೇ ಇಲ್ಲ! ಸಿದ್ಧವಿದ್ದ ಪ್ರತಿಯನ್ನು ತಿಂಗಳುಗಟ್ಟಲೆ ಅಲ್ಲಾಡದಂತೆ ಬಿಗಿ ಮಾಡಿದರು. ಎಲ್ಲ ಊರುಗಳಿಂದಲೂ ನಾಲ್ಕು ನಾಲ್ಕು ಸಲ ಪರೀಕ್ಷಿಸಿದರು. ತೊಂಬತ್ತೇಳು, ತೊಂಬತ್ತೆಂಟು! ಆ ರಾತ್ರಿ ಚಕ್ರವರ್ತಿಯಂತೆ ನಿದ್ದೆ ಹೋದರು.

ಭಾನುವಾರ ಹನ್ನೆರಡು ಹೊಡೆಯಿತು. ಸೆತ್ಸುಕೊ ಪುಟ ಬದಲಿಸಿ ಮಾರಾಟ ಶುರು ಮಾಡಿದರು. ಆರ್ಡರ್ ಇಲ್ಲ. ಹನ್ನೆರಡೂ ಕಾಲು. ಆರ್ಡರ್ ಇಲ್ಲ. ಕಿಯೋಹರು ಪರೀಕ್ಷೆ ಒತ್ತಿದರು: ತೊಂಬತ್ತೊಂಬತ್ತು! "ಎಲ್ಲ ಊಟಕ್ಕೆ ಕೂತಿರ್ತಾರೆ" ಎನ್ನುತ್ತ ಕೋಣೆಯ ಉದ್ದಗಲ ಅಳೆದರು.

ಅಷ್ಟರಲ್ಲಿ, ಪುಟದ ಅಡಿಯಲ್ಲಿ ನಂಬರು ಕೊಟ್ಟಿದ್ದ ಮನೆಯ ಫೋನು ರಿಂಗಾಯಿತು. ಫುಮಿ ಎತ್ತಿ ಆಲಿಸಿ, ಅಳಿಯನತ್ತ ತಿರುಗಿದರು. "ನಗೋಯಾದ ಹೆಂಗಸೊಬ್ರು. ಪುಟ ಬಾಣದ ಹಾಗೆ ತೆರೀತಂತೆ. ಆದ್ರೆ 'ಮಾರಾಟ ಭಾನುವಾರದಿಂದ' ಅಂತ ಬರೆದಿದೆಯಂತೆ. ಯಾವ ಭಾನುವಾರ ಅಂತ ಕೇಳ್ತಿದಾರೆ."

ಸೆತ್ಸುಕೊ ಧಾವಿಸಿ ಬಂದು ಇಣುಕಿದರು. ಹೌದು! ಜಗತ್ತಿಗೆಲ್ಲ ಮಿಂಚಿನ ವೇಗದಲ್ಲಿ ಕಾಣುತ್ತಿದ್ದದ್ದು ನಿನ್ನೆಯ ಪ್ರತಿ! ಅಂಕ ನೋಡುವ ಭರದಲ್ಲಿ ಕಿಯೋಹರು ಪುಟವನ್ನೇ ನೋಡಿರಲಿಲ್ಲ.

"ಅಳಿಸ್ರೀ!"

"ತೊಂಬತ್ತೊಂಬತ್ತು ಬಂದಿದೆ ಕಣೇ! ಅಳಿಸಿದ್ರೆ ಬಿದ್ದುಹೋಗುತ್ತೆ!"

"ಅಂಕಾನ ಪೊಟ್ಟಣ ಕಟ್ಟಿ ಮಾರ್ತೀರಾ? ಅಳಿಸ್ರೀ ಅಂದ್ರೆ!"

ಬೆರಳು ಮುಂದೆ ಹೋಯಿತು, ಹಿಂದೆ ಬಂತು. ಬೆನ್ನ ಹಿಂದೆ ಫೋನು ಮತ್ತೆ ಮತ್ತೆ ರಿಂಗಾಗುತ್ತಲೇ ಇತ್ತು. ಫುಮಿ "ಹೂಂ, ಕಳಿಸ್ತೀವಮ್ಮ" ಎನ್ನುತ್ತಲೇ ಇದ್ದರು. ಕೊನೆಗೆ ಕಣ್ಣು ಮುಚ್ಚಿ ಕಿಯೋಹರು ಅಳಿಸಿಯೇಬಿಟ್ಟರು. ಹೊಸ ಪುಟ ತೆರೆಯಿತು. 'ಈಗಲೇ ಕೊಳ್ಳಿ' ಎಂಬ ಗುಂಡಿ ಥಳಥಳ ಹೊಳೆಯಿತು.

"ಅತ್ತೆ! ಅಂಗಡಿ ತೆರೀತು!" ಎಂದು ಕೂಗಿದರು.

ಫುಮಿ ಫೋನು ಕೆಳಗಿಟ್ಟು, ನೋಯುವ ಕಿವಿಯನ್ನು ಉಜ್ಜಿಕೊಂಡರು.

"ಪೀಪಾಯಿ ಖಾಲಿ, ಅಳಿಯಂದ್ರೇ. ಎಲ್ಲ ಫೋನಲ್ಲೇ ಮಾರಿದೆ. ಈಗ 'ಮುಗಿದಿದೆ' ಅಂತ ಬರೆದ್ಹಾಕಿ. ಅದನ್ನ ಬೇಕಾದ್ರೆ ನೂರಕ್ಕೆ ನೂರು ವೇಗದಲ್ಲಿ ತೋರಿಸಿ!"